ಕೆಂಡದ ಮೇಲಿನ ಬಂಗುಡೆ

ಕೆಲವು ವರ್ಷಗಳ ಹಿಂದೆ ನಾವು ಒಂದೇ ತಿಂಗಳಿನಲ್ಲಿ ಎರಡು ಬಾರಿ, ರಾತ್ರಿಯ ಊಟಕ್ಕೆಂದು, ಬಂಗುಡೆ ಮೀನನ್ನು ಇಡಿಯಾಗಿ ಕೆಂಡದ ಮೇಲೆ ಸುಟ್ಟೆವು. ಎರಡು ಬಾರಿಯೂ ಸೋತೆವು. ಮೊದಲನೆಯ ಸಲ ಮೀನಿನ ಚರ್ಮವು ಇದ್ದಿಲಾಗಿತ್ತು. ಬೆನ್ನೆಲುಬಿನ ಬಳಿಯ ಮಾಂಸವಾದರೋ ಇನ್ನೂ ಹಸಿಯಾಗಿಯೇ ಇತ್ತು. ಎರಡನೆಯ ಸಲ ಎಚ್ಚರದಿಂದ ಸುಟ್ಟೆವು. ಮೀನು ಒಳಗೂ ಹೊರಗೂ ಸೊಗಸಾಗಿ ಬೆಂದಿತ್ತು. ಒಂದೇ ಒಂದು ವಿಶೇಷವೆಂದರೆ ನಾಲಗೆಗೆ ಕರಿಮೆಣಸಿನಂಥ ಚುರುಕು ತಟ್ಟುತ್ತಿತ್ತು. ಮಸಾಲೆಯ ಖಾರವೆಂದೇ ನಾವು ತಿಳಿದೆವು. ಊಟ ಮುಗಿದ ಅರ್ಧ ಗಂಟೆಯೊಳಗೆ ಮನೆಯ ಮೂವರ ಮುಖಗಳು ಕೆಂಪೇರಿದುವು, ತಲೆ ಸಿಡಿಯತೊಡಗಿತು, ಕತ್ತಿನ ಮೇಲೂ ಎದೆಯ ಮೇಲೂ ದದ್ದುಗಳೆದ್ದುವು. ವೈದ್ಯರು ಮಾತ್ರೆ ಕೊಟ್ಟರು, ಕೆಲವು ಗಂಟೆಗಳಲ್ಲಿ ಎಲ್ಲವೂ ಶಮನವಾಯಿತು. ಆದರೆ ಒಂದು ಪ್ರಶ್ನೆ ಉಳಿಯಿತು: ಅಷ್ಟು ಚೆನ್ನಾಗಿ ಬೆಂದ ಮೀನು ಕೇಡು ಮಾಡಿದುದು ಹೇಗೆ?

ಮೊದಲನೆಯ ಸೋಲಿಗೆ ಕಾರಣ ನಾವು ಬೆಂಕಿಯ ಸ್ವಭಾವವನ್ನು ಅರಿಯದೆ ಹೋದುದು. ಎರಡನೆಯದಕ್ಕೆ ಕಾರಣ ಬೆಂಕಿಯ ಅಧಿಕಾರವು ಎಲ್ಲಿಯವರೆಗೆ ನಡೆಯುತ್ತದೆಂಬುದನ್ನು ಅರಿಯದೆ ಹೋದುದು. ಈ ಎರಡನ್ನೂ ಇಲ್ಲಿ ವಿಚಾರಿಸೋಣ. ಮೀನು ತಿನ್ನದ ವಾಚಕರು ಪುಟ ತಿರುವಬೇಕಾಗಿಲ್ಲ. ಶಾಖವು ಬದನೆಕಾಯಿಯ ಒಳಹೊಗುವ ಬಗೆಯೂ ಬಂಗುಡೆಯ ಒಳಹೊಗುವ ಬಗೆಯೂ ಬಹುಮಟ್ಟಿಗೆ ಒಂದೇ.

ಕುರಿಯ ಮಾಂಸವು ಮೆತ್ತಗಾಗಲು ಗಂಟೆಗಳೇ ಬೇಕಾಗುವುದುಂಟು. ಮೀನಿಗೆ ಕೆಲವೇ ನಿಮಿಷಗಳು ಸಾಕು. ಈ ವ್ಯತ್ಯಾಸದ ಮೂಲವು ಆ ಪ್ರಾಣಿಗಳ ಬದುಕಿನಲ್ಲಿಯೇ ಇದೆ. ನೆಲದ ಪ್ರಾಣಿಯು ತನ್ನ ದೇಹದ ಭಾರವನ್ನೆಲ್ಲ ತಾನೇ ಹೊರಬೇಕು. ಆದುದರಿಂದ ಅದರ ಸ್ನಾಯುಗಳನ್ನು ಕೊಲಾಜನ್ ಎಂಬ ಗಟ್ಟಿಯಾದ ನಾರುಪದಾರ್ಥವು ಬಿಗಿಯಾಗಿ ಕಟ್ಟಿಹಿಡಿದಿರುತ್ತದೆ. ಮೀನಿನ ಭಾರವನ್ನಾದರೋ ನೀರೇ ಹೊರುತ್ತದೆ. ಅದರ ಸ್ನಾಯುವು ಗಿಡ್ಡ ಎಳೆಗಳ ತೆಳು ಪದರಗಳಾಗಿ, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಲ್ಪಟ್ಟಿದೆ. ಹಾಳೆ ಹಾಳೆಗಳ ನಡುವೆ ಕೊಲಾಜನ್ನಿನ ಅತಿ ತೆಳುವಾದ ಪೊರೆ ಮಾತ್ರ ಇರುತ್ತದೆ. ಇದರ ಮೊತ್ತ ಸ್ವಲ್ಪ. ಜೊತೆಗೆ ಇದು ಕುರಿಯ ಕೊಲಾಜನ್ನಿಗಿಂತ ಕಡಿಮೆ ಉಷ್ಣತೆಯಲ್ಲಿಯೇ, ೫೦ರಿಂದ ೬೦ ಡಿಗ್ರಿ ಸೆಂಟಿಗ್ರೇಡಿನೊಳಗೆ, ಕರಗಿ ಜೆಲಾಟಿನ್ ಎಂಬ ಅಂಟಾಗಿಬಿಡುತ್ತದೆ. ಪೊರೆ ಕರಗಿತೆಂದರೆ ಹಾಳೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಬೆಂದ ಮೀನನ್ನು ಬೆರಳಿನಿಂದ ಒತ್ತಿದಾಗ ಅದು ಪದರು ಪದರಾಗಿ ಜಾರುವುದು ಇದರಿಂದಲೇ.

ಇನ್ನು ಸ್ನಾಯುವಿನ ಎಳೆಗಳ ವಿಷಯ. ಹಿಂದೆ ನಮ್ಮ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ ಪ್ರೋಟೀನುಗಳಿಂದ ಈ ಎಳೆಗಳು ಆಗಿವೆ. ಪ್ರೋಟೀನಿನ ಅಣುವೆಂದರೆ ಸುತ್ತಿ ಮಡಿಸಿಟ್ಟ ಉದ್ದನೆಯ ದಾರ. ಶಾಖ ತಗುಲಿದೊಡನೆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಬಿಚ್ಚಿದ ದಾರಗಳು ಒಂದಕ್ಕೊಂದು ತೊಡಕಿಕೊಂಡು ಗಟ್ಟಿಯಾಗುತ್ತವೆ; ಕೋಳಿಮೊಟ್ಟೆಯ ತಿಳಿಯಾದ ಲೋಳೆ ಬೆಂದು ಬೆಳ್ಳಗಾಗುವುದೂ ಇದೇ ಬಗೆಯಿಂದ. ಮೀನಿನಲ್ಲಿ ಈ ಕ್ರಿಯೆ ೪೦ ಡಿಗ್ರಿಯ ಸುಮಾರಿಗೇ ಆರಂಭವಾಗುತ್ತದೆ. ೫೫ರಿಂದ ೬೦ ಡಿಗ್ರಿ ತಲಪುವ ವೇಳೆಗೆ ಗಾಜಿನಂತಿದ್ದ ಮಾಂಸವು ಹಾಲಿನ ಬಣ್ಣ ತಾಳಿ, ಗಟ್ಟಿಯಾಗಿ, ಇನ್ನೂ ರಸವತ್ತಾಗಿರುತ್ತದೆ. ಶಾಖ ಮುಂದುವರಿದು ೭೦ ಡಿಗ್ರಿಯನ್ನು ದಾಟಿದರೆ ತೊಡಕಿಕೊಂಡ ಜಾಲವು ಇನ್ನಷ್ಟು ಕುಗ್ಗಿ, ಒದ್ದೆ ಬಟ್ಟೆಯನ್ನು ಹಿಂಡಿದಂತೆ, ತನ್ನೊಳಗಿನ ನೀರನ್ನು ಹೊರಕ್ಕೆ ಹಿಂಡುತ್ತದೆ. ಉಳಿಯುವುದು ಒಣ ನಾರು. ಅಮೆರಿಕದ ಆಹಾರ ಸುರಕ್ಷತೆಯ ಇಲಾಖೆಗಳು ಮೀನಿನ ಒಳಭಾಗವು ೬೩ ಡಿಗ್ರಿಯನ್ನು ಮುಟ್ಟಬೇಕೆಂದು ವಿಧಿಸಿವೆ. ಹಾಗಾದರೆ ರಕ್ಷಣೆಗೂ ರುಚಿಗೂ ಒಟ್ಟಾಗಿ ಹೊಂದುವ ಕಿಟಕಿಯು ಏಳೆಂಟು ಡಿಗ್ರಿಗಳಷ್ಟೇ ಅಗಲವಾಗಿದೆ! ಇಷ್ಟು ಕಿರಿದಾದ ಕಿಟಕಿಯಲ್ಲಿ ಇಡೀ ಮೀನನ್ನು ನಿಲ್ಲಿಸುವುದೇ ಅಡಿಗೆಯವರ ಮುಂದಿರುವ ಸಮಸ್ಯೆ.

ಸಮಸ್ಯೆ ಕಠಿನವಾಗುವುದು ಮೀನಿಗೆ ದಪ್ಪವಿರುವುದರಿಂದ. ಕೆಂಡದ ಶಾಖವು ಚರ್ಮವನ್ನು ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಅಲ್ಲಿಂದ ಬೆನ್ನೆಲುಬಿನವರೆಗೆ ಅದು ಮಾಂಸದ ಮೂಲಕ ಪದರದಿಂದ ಪದರಕ್ಕೆ ದಾಟಿಹೋಗಬೇಕು. ಮೀನಿನ ಮುಕ್ಕಾಲು ಭಾಗ ನೀರು. ನೀರೋ ಉಷ್ಣವನ್ನು ಬಹಳ ನಿಧಾನವಾಗಿ ಸಾಗಿಸುವ ಪದಾರ್ಥ. ಫ್ರೆಂಚ್ ಗಣಿತಜ್ಞನಾದ ಫೂರಿಯೇ ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉಷ್ಣದ ಈ ನಡಿಗೆಯನ್ನು ಸಮೀಕರಣಕ್ಕೆ ಇಳಿಸಿದನು. ಅದರಿಂದ ಹೊರಡುವ ಒಂದು ಫಲವನ್ನು ಗಣಿತವಿಲ್ಲದೆಯೇ ಗ್ರಹಿಸಬಹುದು. ದಪ್ಪವು ಎರಡರಷ್ಟಾದರೆ ಬಿಸಿಮಾಡಬೇಕಾದ ಮಾಂಸವೂ ಎರಡರಷ್ಟಾಗುತ್ತದೆ, ಶಾಖವು ಹಾಯಬೇಕಾದ ದಾರಿಯೂ ಎರಡರಷ್ಟಾಗುತ್ತದೆ. ಹೀಗೆ ಕಾಲವು ಎರಡರ ಎರಡರಷ್ಟು, ಎಂದರೆ ನಾಲ್ಕರಷ್ಟು ಹಿಡಿಯುತ್ತದೆ. ೩ ಸೆಂಟಿಮೀಟರು ದಪ್ಪದ ಮೀನಿಗೆ ೧೦ ನಿಮಿಷ ಸಾಕಾದರೆ ೬ ಸೆಂಟಿಮೀಟರಿನದಕ್ಕೆ ೪೦ ನಿಮಿಷ ಬೇಕಾದೀತು. ಮೀನಿನ ತೂಕವನ್ನಾಗಲಿ ಉದ್ದವನ್ನಾಗಲಿ ನೋಡಿ ಕಾಲವನ್ನು ನಿಶ್ಚಯಿಸುವವರು ಮೋಸಹೋಗುತ್ತಾರೆ. ನೋಡಬೇಕಾದುದು ಅತ್ಯಂತ ದಪ್ಪವಾದ ಕಡೆಯ ದಪ್ಪವನ್ನು.

ನಮ್ಮ ಕರಾವಳಿಯ ಗೃಹಿಣಿಯರು ಫೂರಿಯೇಯ ಹೆಸರನ್ನು ಕೇಳಿರಲಾರರು. ಆದರೂ ದೊಡ್ಡ ಅಂಜಲನ್ನು ಅವರು ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಾರೆ, ಬಂಗುಡೆಯನ್ನು ಇಡಿಯಾಗಿ ಬೇಯಿಸುತ್ತಾರೆ. ತಟ್ಟೆಯಂತೆ ಚಪ್ಪಟೆಯಾದ ಮಾಂಜಿ ಎಷ್ಟು ಅಗಲವಾಗಿದ್ದರೂ ಇಡಿಯಾಗಿಯೇ ಒಲೆಗೆ ಹೋಗುತ್ತದೆ. ಅಷ್ಟೇ ಅಲ್ಲದೆ ಇಡಿ ಬಂಗುಡೆಯ ಎರಡು ಪಕ್ಕಗಳಲ್ಲಿಯೂ ಓರೆಯಾಗಿ ಮೂರು ನಾಲ್ಕು ಗೀರುಗಳನ್ನು ಎಲುಬಿನ ಸಮೀಪದವರೆಗೂ ಎಳೆಯುತ್ತಾರೆ. ಮಸಾಲೆ ಒಳಹೋಗಲೆಂದು ಹೀಗೆ ಮಾಡುವುದಾಗಿ ಹೇಳುವುದುಂಟು, ಅದು ನಿಜವೇ. ಆದರೆ ಗೀರಿನ ದೊಡ್ಡ ಉಪಕಾರವೆಂದರೆ ಅದು ಮೀನನ್ನು ಶಾಖದ ಪಾಲಿಗೆ ತೆಳ್ಳಗೆ ಮಾಡುತ್ತದೆ. ಮೇಲಾಗಿ, ಬಿಸಿ ತಾಗಿದ ಚರ್ಮವು ಕುಗ್ಗುವಾಗ ಮೀನನ್ನು ಬಿಲ್ಲಿನಂತೆ ಬಗ್ಗಿಸುವುದನ್ನೂ ಅದು ತಪ್ಪಿಸುತ್ತದೆ.

ಪಾಶ್ಚಾತ್ಯ ಅಡಿಗೆಯ ಪುಸ್ತಕಗಳಲ್ಲಿ ಕೆನಡಾ ದೇಶದ ಹೆಸರಿನಿಂದ ಪ್ರಸಿದ್ಧವಾದ ಒಂದು ಸುಲಭ ನಿಯಮವಿದೆ: ಪ್ರತಿ ಅಂಗುಲ ದಪ್ಪಕ್ಕೆ ೧೦ ನಿಮಿಷ. ಇದು ಮೇಲಿನ ಲೆಕ್ಕಕ್ಕೆ ವಿರೋಧವಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ವಿರೋಧವೇ ಸರಿ. ಆದರೆ ಓವನ್ ಎಂಬ ಮುಚ್ಚಿದ ವಿದ್ಯುದೊಲೆಯಲ್ಲಿ ಬಿಸಿಗಾಳಿಯು ಮೀನಿನ ಮೈಗೆ ಶಾಖವನ್ನು ಒಪ್ಪಿಸುವುದೇ ನಿಧಾನ. ಹೆಬ್ಬಾಗಿಲೇ ಇಕ್ಕಟ್ಟಾಗಿರುವಾಗ ಒಳಗಿನ ದಾರಿಯ ಉದ್ದವು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಆಗ ಕಾಲವು ವರ್ಗದಂತೆ ಏರದೆ ಹೆಚ್ಚುಕಡಮೆ ದಪ್ಪದೊಡನೆಯೇ ಏರುತ್ತದೆ. ವಾಸ್ತವವು ಈ ಎರಡು ನಿಯಮಗಳ ನಡುವೆ ಎಲ್ಲೋ ನಿಲ್ಲುತ್ತದೆ. ಸಾಧಾರಣ ಗಾತ್ರದ ಮೀನಿಗೆ ಕೆನಡಾದ ನಿಯಮ ಒಗ್ಗುತ್ತದೆ. ಬಹು ದಪ್ಪದ ಮೀನಿಗೆ ಅದನ್ನು ನಂಬಿದರೆ ಎಲುಬಿನ ಬಳಿ ಹಸಿಯುಳಿಯುವ ಸಂಭವವಿದೆ.

ಈಗ ನಮ್ಮ ಮೊದಲನೆಯ ಸೋಲಿಗೆ ಬರೋಣ. ನಾವು ಮೀನನ್ನು ತೊಳೆದು ನೀರು ತೊಟ್ಟಿಕ್ಕುತ್ತಿರುವಾಗಲೇ, ಗೀರುಗಳನ್ನೂ ಹಾಕದೆ, ಇನ್ನೂ ಜ್ವಾಲೆ ಏಳುತ್ತಿದ್ದ ಬೆಂಕಿಯ ಮೇಲೆ ಇಟ್ಟಿದ್ದೆವು. ತೊಟ್ಟಿಕ್ಕುವ ಆ ನೀರಿನ ಬೆಲೆ ಎಷ್ಟೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ೧ ಗ್ರಾಂ ನೀರನ್ನು ೧ ಡಿಗ್ರಿ ಬಿಸಿಮಾಡಲು ೧ ಕ್ಯಾಲೊರಿ ಬೇಕು. ಕುದಿಯುವ ನೀರನ್ನು ಆವಿ ಮಾಡಲು ಪ್ರತಿ ಗ್ರಾಮಿಗೆ ೫೪೦ ಕ್ಯಾಲೊರಿಗಳ ಗುಪ್ತೋಷ್ಣ ಬೇಕು. ಮೀನಿನ ಮೈಮೇಲೆ ೧೦ ಗ್ರಾಂ, ಎಂದರೆ ಎರಡು ಚಹಾ ಚಮಚದಷ್ಟು, ನೀರು ೩೦ ಡಿಗ್ರಿಯಲ್ಲಿ ಇದೆಯೆನ್ನೋಣ. ಅದನ್ನು ಒಣಗಿಸಲು ೭೦೦ ಮತ್ತು ೫,೪೦೦ ಕೂಡಿ ೬,೧೦೦ ಕ್ಯಾಲೊರಿ ಖರ್ಚಾಗುತ್ತದೆ. ೨೦೦ ಗ್ರಾಂ ತೂಕದ ಒಂದು ಬಂಗುಡೆಯನ್ನು ೩೦ರಿಂದ ೬೦ ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು ೫,೧೦೦ ಕ್ಯಾಲೊರಿ ಮಾತ್ರ! ಎರಡು ಚಮಚ ನೀರನ್ನು ಬಟ್ಟೆಯಿಂದ ಒರಸದ ಆಲಸ್ಯಕ್ಕಾಗಿ, ಇಡೀ ಮೀನನ್ನು ಬೇಯಿಸುವುದಕ್ಕಿಂತ ಹೆಚ್ಚಿನ ಬೆಂಕಿಯನ್ನು ನಾವು ದಂಡ ತೆತ್ತೆವು.

ನಷ್ಟವು ಸೌದೆಯದು ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಮೈ ಒದ್ದೆಯಾಗಿರುವವರೆಗೂ ಚರ್ಮದ ಉಷ್ಣತೆ ೧೦೦ ಡಿಗ್ರಿಯನ್ನು ಮೀರಲಾರದು. ಸುಟ್ಟ ಮೀನಿಗೆ ಹೊಂಬಣ್ಣವನ್ನೂ ಪರಿಮಳವನ್ನೂ ಕೊಡುವ ಕ್ರಿಯೆ ಸುಮಾರು ೧೪೦ ಡಿಗ್ರಿಯ ಮೇಲೆಯೇ ವೇಗ ಪಡೆಯುವುದು. ಇದರಲ್ಲಿ ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳು ಸಕ್ಕರೆಗಳೊಡನೆ ಸೇರಿ ನೂರಾರು ಬಗೆಯ ಹೊಸ ಪದಾರ್ಥಗಳಾಗುತ್ತವೆ. ಇದನ್ನು ೧೯೧೨ರಲ್ಲಿ ವರ್ಣಿಸಿದ ಫ್ರೆಂಚ್ ವಿಜ್ಞಾನಿ ಮೇಯಾರನ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ರೊಟ್ಟಿಯ ಹೊರಮೈ, ಹುರಿದ ಕಾಫಿ ಬೀಜ, ಕಾವಲಿಯ ದೋಸೆ, ಇವೆಲ್ಲವೂ ಅವನ ಋಣದಲ್ಲಿವೆ. ಒದ್ದೆ ಮೀನಿನ ಚರ್ಮಕ್ಕೆ ಬಣ್ಣ ಬರಲಿಲ್ಲವೆಂದು ನಾವು ಬೆಂಕಿಯನ್ನು ಜೋರು ಮಾಡಿದೆವು. ನೀರು ಆರಿದ ಕ್ಷಣದಿಂದ ಚರ್ಮವು ಹೊಂಬಣ್ಣದಲ್ಲಿ ನಿಲ್ಲದೆ ನೇರವಾಗಿ ಇದ್ದಿಲಿಗೆ ಓಡಿತು. ಮೀನಿಗೆ ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಮೇಲೆ ಒಸರಿದ ನೀರನ್ನು ಒರಸಿ, ಆ ಮೇಲೆ ಮಸಾಲೆಯನ್ನು ತೆಳ್ಳಗೆ ಹಚ್ಚುವುದು ಲೇಸು.

ಜ್ವಾಲೆಯೂ ನಮ್ಮ ಶತ್ರುವಾಗಿತ್ತು. ಬಂಗುಡೆ ಕೊಬ್ಬುಳ್ಳ ಮೀನು. ಕೊಬ್ಬು ತೊಟ್ಟಿಕ್ಕಿ ಹತ್ತಿಕೊಂಡರೆ ಮಸಿಯೂ, ಅದರೊಡನೆ ಆರೋಗ್ಯಕ್ಕೆ ಹಿತವಲ್ಲದ ಹೊಗೆಯ ಪದಾರ್ಥಗಳೂ ಮೀನಿಗೆ ಅಂಟುತ್ತವೆ; ಕರಿಕಾದ ಭಾಗವನ್ನು ಕೆರೆದು ಬಿಸಾಡುವುದೇ ಮೇಲು. ತೆಂಗಿನ ಚಿಪ್ಪಿನ ಇದ್ದಿಲು ಹೊತ್ತಿ, ಜ್ವಾಲೆ ಅಡಗಿ, ಮೇಲೆ ಬೂದಿಯ ತೆಳುಪೊರೆ ಕಟ್ಟುವವರೆಗೆ ಕಾಯಬೇಕು. ಆಗ ಮೀನನ್ನು ಬೇಯಿಸುವುದು ಬಹುಮಟ್ಟಿಗೆ ಕೆಂಡದಿಂದ ಹೊಮ್ಮುವ ವಿಕಿರಣ. ಸ್ಟೆಫಾನ್ ೧೮೭೯ರಲ್ಲಿ ಕಂಡ ನಿಯಮದಂತೆ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ೮೦೦ ಡಿಗ್ರಿಯ ಕೆಂಡವನ್ನೂ ೨೨೦ ಡಿಗ್ರಿಯ ಓವನ್ನಿನ ಗೋಡೆಯನ್ನೂ ಹೋಲಿಸಿದರೆ ಅಷ್ಟೇ ಅಗಲದ ಕೆಂಡವು ಸುಮಾರು ೨೨ ಪಟ್ಟು ವಿಕಿರಣವನ್ನು ಸೂಸುತ್ತದೆ. ಆದುದರಿಂದಲೇ ಕೆಂಡದಲ್ಲಿ ಬಣ್ಣ ಬೇಗ, ಅಪಾಯವೂ ಬೇಗ. ಓವನ್ನಿನಲ್ಲಿ ಬಣ್ಣ ತಡ, ನಿಶ್ಚಿಂತೆ ಹೆಚ್ಚು. ಮೊದಲು ಜಾಲರಿಯನ್ನು ಎತ್ತರದಲ್ಲಿಟ್ಟು ಒಳಗನ್ನು ಬೇಯಿಸಿ, ಕಡೆಯಲ್ಲಿ ಒಂದೆರಡು ನಿಮಿಷ ಕೆಳಗಿಳಿಸಿ ಬಣ್ಣ ಬರಿಸುವುದು ನಾವು ಈಗ ಅನುಸರಿಸುತ್ತಿರುವ ಕ್ರಮ. ಜಾಲರಿಯು ಮೊದಲೇ ಚೆನ್ನಾಗಿ ಕಾದು ಎಣ್ಣೆ ಸವರಿದ್ದಾಗಿರಬೇಕು. ತಣ್ಣನೆಯ ಕಬ್ಬಿಣಕ್ಕೆ ಹಸಿ ಪ್ರೋಟೀನು ಅಂಟಿಕೊಂಡರೆ ಮೀನನ್ನು ತಿರುವುವಾಗ ಚರ್ಮವು ಅಲ್ಲಿಯೇ ಉಳಿಯುತ್ತದೆ. ಬಾಳೆಯೆಲೆಯಲ್ಲಿ ಸುತ್ತಿ ಸುಡುವವರಿಗೆ ಈ ಕಷ್ಟವಿಲ್ಲ: ಎಲೆಯೊಳಗಿನ ಆವಿಯು ಉಷ್ಣತೆಯನ್ನು ೧೦೦ರ ಸುತ್ತ ಹಿಡಿದಿಡುತ್ತದೆ. ಹೊಂಬಣ್ಣವಂತೂ ದೊರೆಯದು, ಆದರೆ ಇದ್ದಿಲಾಗುವ ಭಯವೂ ಇಲ್ಲ.

ಹುಳಿಯ ವಿಷಯವಾಗಿ ಎರಡು ಮಾತು. ಕಡಲಿನ ಉಪ್ಪಿಗೆ ಎದುರಾಗಿ ತನ್ನ ಜೀವಕೋಶಗಳನ್ನು ಸಮತೋಲದಲ್ಲಿ ಇಟ್ಟುಕೊಳ್ಳಲು ಸಮುದ್ರದ ಮೀನು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ಪದಾರ್ಥವನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಇದನ್ನು ಟ್ರೈಮೀಥೈಲಮೀನ್ ಆಗಿ ಮಾರ್ಪಡಿಸುತ್ತವೆ. ಹಳೆಯ ಮೀನಿನ ನಾತವೆಂದರೆ ಮುಖ್ಯವಾಗಿ ಇದೇ. ಇದು ಪ್ರತ್ಯಾಮ್ಲ. ಹುಣಿಸೆ, ಪುನರ್ಪುಳಿ, ನಿಂಬೆ ಇವುಗಳ ಆಮ್ಲವು ಇದರೊಡನೆ ಸೇರಿ ಲವಣವಾಗಿ, ಗಾಳಿಗೆ ಹಾರದಂತೆ ಹಿಡಿದಿಡುತ್ತದೆ. ವಾಸನೆ ಅಡಗಿತೆಂದ ಮಾತ್ರಕ್ಕೆ ಮೀನು ಹೊಸದಾಯಿತೆಂದು ಭಾವಿಸಲಾಗದು. ಈ ಮಾತನ್ನು ವಾಚಕರು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಬೆಂದಿತೆಂಬುದನ್ನು ತಿಳಿಯುವುದು ಹೇಗೆ? ಉಷ್ಣಮಾಪಕವಿದ್ದವರು ಅದರ ಮೊನೆಯನ್ನು ತಲೆಯ ಹಿಂದಿನ ದಪ್ಪ ಭಾಗದಲ್ಲಿ ಎಲುಬಿನ ಹತ್ತಿರಕ್ಕೆ ಚುಚ್ಚಿ ನೋಡಲಿ. ಮಾಪಕವು ೬೩ ಡಿಗ್ರಿಯನ್ನು ತೋರಿಸಿತೆಂದರೆ ಮೀನನ್ನು ಕೂಡಲೇ ಇಳಿಸಬೇಕು, ಏಕೆಂದರೆ ಹೊರಪದರಗಳಲ್ಲಿ ಸಂಗ್ರಹವಾದ ಶಾಖವು ಬೆಂಕಿಯಿಂದ ಇಳಿದ ಮೇಲೂ ಸ್ವಲ್ಪ ಹೊತ್ತು ಒಳನಡೆಯುತ್ತಲೇ ಇರುತ್ತದೆ. ಮಾಪಕವಿಲ್ಲದವರು ಬೆನ್ನಿನ ಈಜುರೆಕ್ಕೆಯನ್ನು ಮೆಲ್ಲನೆ ಎಳೆಯಬೇಕು. ಸುಲಭವಾಗಿ ಕಿತ್ತು ಬಂದರೆ ಬುಡದ ಕೊಲಾಜನ್ ಕರಗಿದೆಯೆಂದು ಅರ್ಥ. ಕಣ್ಣು ಬೆಳ್ಳಗಾಗಿರುವುದೂ ಒಂದು ಗುರುತೇ, ಆದರೆ ಕಣ್ಣಿರುವುದು ಮೇಲ್ಮೈಯಲ್ಲಿ, ನಮಗೆ ಬೇಕಾದ ಸುದ್ದಿಯಿರುವುದು ಎಲುಬಿನ ಬಳಿಯಲ್ಲಿ. ಅದೊಂದನ್ನೇ ನಂಬುವುದು ನಮಗೆ ಸರಿತೋರದು. ಗೀರಿನೊಳಗೆ ಚಾಕುವಿನ ಮೊನೆಯಿಂದ ಮೆಲ್ಲನೆ ಮೀಟಿದಾಗ ಮಾಂಸವು ಎಲುಬನ್ನು ಬಿಟ್ಟು ಬರಬೇಕು, ಅಲ್ಲಿ ಗಾಜಿನಂಥ ಹೊಳಪು ಉಳಿದಿರಬಾರದು.

ಎರಡನೆಯ ರಾತ್ರಿ ಈ ಗುರುತುಗಳೆಲ್ಲ ಸರಿಯಾಗಿಯೇ ಇದ್ದುವು. ಹಾಗಿದ್ದೂ ನಡೆದ ಅನಾಹುತದ ಬೀಜವು ಬಿತ್ತಲ್ಪಟ್ಟುದು ಒಲೆಯ ಮೇಲಲ್ಲ. ಪೇಟೆಯಿಂದ ಮನೆಗೆ ಬರುವ ದಾರಿಯಲ್ಲಿಯೋ, ಅದಕ್ಕೂ ಮುಂಚೆಯೋ. ನಮ್ಮ ಮನೆ ಕಡಲಿನಿಂದ ದೂರ. ಬೆಳಗ್ಗೆ ಮೀನು ಕೊಂಡು, ಚೀಲದಲ್ಲಿಟ್ಟು, ಬೇರೆ ಕೆಲಸಗಳನ್ನೆಲ್ಲ ಮುಗಿಸಿಕೊಂಡು ಮಧ್ಯಾಹ್ನ ಕಳೆದ ಮೇಲೆ ಮನೆ ಸೇರಿದ್ದೆವು. ಬಿಸಿಲು ಚೆನ್ನಾಗಿತ್ತು.

ಬಂಗುಡೆ, ಟ್ಯೂನ, ಬೂತಾಯಿ ಮೊದಲಾದುವು ಸದಾ ವೇಗವಾಗಿ ಈಜುವ ಮೀನುಗಳು. ಇಂಥ ದುಡಿಮೆಯಿಂದ ಸ್ನಾಯುವಿನಲ್ಲಿ ಹುಟ್ಟುವ ಆಮ್ಲವನ್ನು ತಡೆದುಕೊಳ್ಳಲು ಅವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವು ಧಾರಾಳವಾಗಿ ತುಂಬಿರುತ್ತದೆ. ಮೀನಿನ ಕಿವಿರು ಮತ್ತು ಕರುಳುಗಳಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು, ಮೀನು ಸತ್ತು ಬೆಚ್ಚಗಾದೊಡನೆ ವೃದ್ಧಿಹೊಂದಿ, ತಮ್ಮ ಕಿಣ್ವದಿಂದ ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಪರಿವರ್ತಿಸುತ್ತವೆ. ಈ ಹಿಸ್ಟಮಿನ್ ನಮ್ಮ ದೇಹಕ್ಕೆ ಅಪರಿಚಿತವಲ್ಲ. ಅಲರ್ಜಿಯಾದಾಗ ದೇಹವು ತಾನೇ ಇದನ್ನು ಸುರಿಸಿ ಮುಖ ಕೆಂಪೇರುವಂತೆಯೂ ದದ್ದು ಏಳುವಂತೆಯೂ ಮಾಡುವುದು. ನಾವು ಆ ರಾತ್ರಿ ಅದನ್ನು ಸಿದ್ಧರೂಪದಲ್ಲಿಯೇ ಉಂಡಿದ್ದೆವು. ಮೆಣಸಿನ ಚುರುಕೂ ಅದರದೇ ಗುರುತು. ಹೀಗಾದವರು ತಮಗೆ ಬಂಗುಡೆ ಒಗ್ಗುವುದಿಲ್ಲವೆಂದು ತೀರ್ಮಾನಿಸುವುದುಂಟು. ಹೊಸ ಬಂಗುಡೆಯನ್ನು ಅವರೇ ನಿರಪಾಯವಾಗಿ ತಿನ್ನಬಲ್ಲರು. ಆದರೆ ಉಸಿರಾಟಕ್ಕೆ ತೊಂದರೆಯಾದರೆ ಕಾರಣ ಯಾವುದೇ ಇರಲಿ, ತಡಮಾಡದೆ ವೈದ್ಯರಲ್ಲಿಗೆ ಓಡಬೇಕು.

ಇಲ್ಲಿಯೇ ಬೆಂಕಿಯು ಕೈಸೋಲುವುದು. ೬೩ ಡಿಗ್ರಿಯ ಶಾಖವು ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅವು ಬಿಟ್ಟುಹೋದ ಹಿಸ್ಟಮಿನ್ ಅಣುವನ್ನು ಮಾತ್ರ ಅದು ಅಲುಗಿಸಲಾರದು. ೧೦೦ ಡಿಗ್ರಿಯ ಕುದಿತವೂ ಡಬ್ಬಿಯಲ್ಲಿ ತುಂಬುವಾಗಿನ ಹೆಚ್ಚಿನ ಶಾಖವೂ ಅಲುಗಿಸಲಾರವು. ಶೈತ್ಯದಿಂದಲೂ ಅದು ನಾಶವಾಗುವುದಿಲ್ಲ. ಹುಣಿಸೆಯಿಂದ ವಾಸನೆ ಅಡಗೀತು, ಹಿಸ್ಟಮಿನ್ ಅಡಗದು. ಇನ್ನೂ ಕೆಟ್ಟುದೇನೆಂದರೆ, ಮೀನು ಕಣ್ಣಿಗೂ ಮೂಗಿಗೂ ಚೆನ್ನಾಗಿಯೇ ತೋರುತ್ತಿರುವಾಗಲೂ ಅದರಲ್ಲಿ ಹಿಸ್ಟಮಿನ್ ಬೇಕಾದಷ್ಟು ಸೇರಿರಬಹುದು. ಉಬ್ಬಿದ ತಿಳಿಗಣ್ಣು, ಕೆಂಪು ಕಿವಿರು, ಒತ್ತಿದರೆ ಮೇಲೇಳುವ ಮಾಂಸ, ಇವನ್ನು ನೋಡಿಯೇ ಕೊಳ್ಳಬೇಕು, ನಿಜ. ಆದರೆ ಇವು ಪೂರ್ತಿ ಭರವಸೆಯಲ್ಲ.

ಭರವಸೆಯಿರುವುದು ಮಂಜುಗಡ್ಡೆಯಲ್ಲಿ. ೧ ಕಿಲೋಗ್ರಾಂ ಮೀನನ್ನು ೩೦ ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಅದರಿಂದ ಸುಮಾರು ೨೫,೫೦೦ ಕ್ಯಾಲೊರಿ ತೆಗೆಯಬೇಕು. ಮಂಜುಗಡ್ಡೆಯ ಪ್ರತಿ ಗ್ರಾಮೂ ಕರಗುವಾಗ ೮೦ ಕ್ಯಾಲೊರಿ ಹೀರುತ್ತದೆ. ಭಾಗಿಸಿದರೆ ೩೨೦ ಗ್ರಾಂ ಮಂಜುಗಡ್ಡೆ ಸಾಕೆಂದು ಬರುತ್ತದೆ. ಆದರೆ ನಮ್ಮ ದೇಶದ ಬಿಸಿಲಿನಲ್ಲಿ ಚೀಲದ ಗೋಡೆಗಳ ಮೂಲಕವೂ ಶಾಖ ನುಗ್ಗುತ್ತಲೇ ಇರುವುದರಿಂದ ಮೀನಿನಷ್ಟೇ ತೂಕದ ಮಂಜುಗಡ್ಡೆಯನ್ನು ಕೊಳ್ಳುವುದು ಸಾಧುವಾದ ಕ್ರಮ. ಅದನ್ನು ಪುಡಿಮಾಡಿ ಮೀನಿನ ಮೇಲೂ ಕೆಳಗೂ ಹರಡಬೇಕು. ಒಂದೇ ದೊಡ್ಡ ಗಡ್ಡೆಯು ಮೀನನ್ನು ಒಂದೆರಡು ಕಡೆ ಮಾತ್ರ ಮುಟ್ಟುತ್ತದೆ. ಈಗ ನಾವು ಪೇಟೆಯ ಕೆಲಸಗಳಲ್ಲಿ ಮೀನನ್ನು ಕೊಳ್ಳುವುದನ್ನೇ ಕಟ್ಟಕಡೆಯದಾಗಿ ಮಾಡಿಕೊಂಡಿದ್ದೇವೆ. ಮನೆಗೆ ಬಂದೊಡನೆ ಕಿವಿರನ್ನೂ ಕರುಳನ್ನೂ ತೆಗೆದು, ತೊಳೆದು, ೪ ಡಿಗ್ರಿಗಿಂತ ತಣ್ಣಗಿರುವ ಶೀತಕದಲ್ಲಿ ಇಡುತ್ತೇವೆ. ಅದೇ ರಾತ್ರಿ ಸುಡುತ್ತೇವೆ. ಒಮ್ಮೆ ಬೆಚ್ಚಗಾದ ಮೀನನ್ನು ಮತ್ತೆ ತಣ್ಣಗೆ ಮಾಡಿದರೂ, ಆಗಲೇ ಹುಟ್ಟಿರುವ ಕಿಣ್ವವು ಶೀತಕದೊಳಗೂ ನಿಧಾನವಾಗಿ ತನ್ನ ಕೆಲಸವನ್ನು ಮುಂದುವರಿಸಬಲ್ಲದು. ಆದುದರಿಂದ ಚೀಲದಲ್ಲಿ ಕಳೆದ ಗಂಟೆಗಳನ್ನು ಶೀತಕದಲ್ಲಿ ತೀರಿಸಲಾಗುವುದಿಲ್ಲ.

ಸುಟ್ಟ ಬಂಗುಡೆ ಊಟದ ಮೇಲೆ ಒಂದೆರಡು ಉಳಿದರೆ ರಾತ್ರಿಯಿಡೀ ಅಡಿಗೆಯ ಮನೆಯಲ್ಲಿ ಮುಚ್ಚಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಕೈಯಿಂದಲೂ ಗಾಳಿಯಿಂದಲೂ ಹೊಸ ಬ್ಯಾಕ್ಟೀರಿಯಾಗಳು ಬೆಂದ ಮಾಂಸವನ್ನು ಸೇರಬಲ್ಲವು, ಹಿಸ್ಟಿಡಿನ್ ಇನ್ನೂ ಅಲ್ಲಿಯೇ ಇದೆ. ಎಲುಬಿನಿಂದ ಬಿಡಿಸಿ ತೆಳ್ಳಗೆ ಹರಡಿ ಬೇಗ ಆರಿಸಿ, ಮಲಗುವ ಮುಂಚೆ ಶೀತಕಕ್ಕೆ ಸೇರಿಸಬೇಕು. ಹರಡಿಟ್ಟ ತೆಳು ಪದರವು ಬೇಗ ಆರುವುದೂ ಫೂರಿಯೇಯ ಅದೇ ವರ್ಗದ ಲೆಕ್ಕದಿಂದಲೇ.